ಕುರನೂರ ಧರಣಕ್ಕೆ ಕೆಂಪು ಬೋಟು

ಬೋಟು ಆರಿಸುವುದು ಕಷ್ಟದ ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಆ ಮಾತು ಬೇರೆ. ಸೊಲ್ಲಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ನದಿ, ಸರೋವರ, ಮಹಾಸಾಗರ ಎಲ್ಲವೂ ದಿನವೂ ನನ್ನ ಬೆತ್ತದ ತುದಿಗೆ ಬಂದು ಹೋಗುತ್ತಿದ್ದವು. ಅಂಥವಳು ನೀರಿನ ಮೇಲೆ ತೇಲುವ ಒಂದು ಸಾಮಾನನ್ನು ಆರಿಸಲಾರಳೇ?

ಇದೆಲ್ಲ ಶುರುವಾದದ್ದು ತೊಂಬತ್ತರ ದಶಕದಲ್ಲಿ, ನಮ್ಮ ಗಲ್ಲಿಗೆ ಕೇಬಲ್ ಟೀವಿ ಬಂದ ವರ್ಷ. ಒಂದು ಭಾನುವಾರ ಮಗಳು ಸ್ವಾತಿ "ಅವ್ವಾ, ಲೌಕರ್ ಬಾ, ಲಗೂ ಬಾ!" ಎಂದು ಕೂಗಿದಳು. ಹೋಗಿ ನೋಡಿದರೆ ಟೀವಿಯ ತುಂಬ ನೀಲಿ ನೀರು. ಒಂದು ಬೋಟು ಓಡುತ್ತಿದೆ. ಅದರ ಹಿಂದೆ ಹಗ್ಗ ಹಿಡಿದು, ಒಂದು ಹಲಗೆಯ ಮೇಲೆ ನಿಂತು ಹುಡುಗಿಯೊಬ್ಬಳು ಅಲೆಯಿಂದ ಅಲೆಗೆ ಹಾರುತ್ತಿದ್ದಾಳೆ. ನಾನು ಮಾತ್ರ ಆ ಹುಡುಗಿಯನ್ನು ನೋಡಲಿಲ್ಲ. ಬೋಟು ಹೊಡೆಯುತ್ತಿದ್ದವಳು ಅವಳ ತಾಯಿ! ನನ್ನದೇ ವಯಸ್ಸು. ಕೂದಲು ಗಾಳಿಗೆ ಬಿಟ್ಟು, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ನಗುತ್ತಿದ್ದಳು. ನಾನೂ ಒಂದು ಬೋಟು ಕೊಂಡು ಹಾಗೆಯೇ ಹೊಡೆಯಬೇಕೆಂದು ಆ ಗಳಿಗೆಯಲ್ಲೇ ನಿಶ್ಚಯಿಸಿದೆ.

"ಇದಕ್ಕ ವೇಕ್‌ಬೋರ್ಡಿಂಗ್ ಅಂತಾರಂತ," ಎಂದು ಸ್ವಾತಿ ಕೆಳಗಿನ ಅಕ್ಷರ ಓದಿ ಹೇಳಿದಳು.

ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನಮ್ಮ ಅತ್ತೆ ಗಾಬರಿಯಿಂದ ತಲೆ ಎತ್ತಿದರು. "ಬೋರ್ಡಿಂಗ? ಯಾಕ, ಮನ್ಯಾಗ ಊಟಕ್ಕೇನ್ ಕಡಿಮಿ ಆಗೇದ? ಹುಡುಗೀನ ಬೋರ್ಡಿಂಗ್‌ದಾಗ ಇಡಬ್ಯಾಡ ಸುಮನ್!"

ಅವರ ಪಾಲಿಗೆ ಬೋರ್ಡಿಂಗ್ ಎಂದರೆ ಹಳ್ಳಿಯ ಬಡ ಹುಡುಗರು ಉಂಡು, ಮಲಗಿ, ಓದುವ ಜಾಗ. ಅದಲ್ಲ, ಇದು ನೀರಿನ ಆಟ ಎಂದು ತಿಳಿಸಿ ಹೇಳಲು ಅರ್ಧ ತಾಸು ಹಿಡಿಯಿತು. ತಿಳಿದ ಮೇಲೆ ಅವರಿಗೆ ಇನ್ನೂ ಗಾಬರಿಯಾಯಿತು.

ನಮ್ಮ ಮನೆಯವರು ಕೋರ್ಟಿನಲ್ಲಿ ಕಾರಕೂನರು. ಅಕ್ಕಲಕೋಟ ತಾಲೂಕಿನ ತಡವಳದವರು. ಮಾತು ಬಹಳ ಕಡಿಮೆ. ದಿನವೆಲ್ಲ ವಕೀಲರ ಮಾತು ಕೇಳಿ ಕೇಳಿ ತಮ್ಮ ಪಾಲಿನ ಮಾತನ್ನೂ ಅವರಿಗೇ ಬಿಟ್ಟುಕೊಟ್ಟಿದ್ದರೋ ಏನೋ! ನನ್ನ ವಿಚಾರ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು.

"ಸ್ಕೂಟರ್ ತೊಗೋಳೂದಿತ್ತಲ್ಲ?"

"ಸ್ಕೂಟರ್ ಎಲ್ಲಾರ ಮನ್ಯಾಗೂ ಅದ. ಬೋಟ್ ಯಾರ ಮನ್ಯಾಗದ, ಹೇಳ್ರಿ ನೋಡೂಣು?"

ಇದಕ್ಕೆ ಕಾಯ್ದೆಯ ಯಾವ ಕಲಮಿನಲ್ಲೂ ಉತ್ತರವಿರಲಿಲ್ಲ. ಸ್ಕೂಟರಿಗೆಂದು ಕೂಡಿಟ್ಟ ಹಣದ ಪಾಸ್‌ಬುಕ್ಕನ್ನು ನನ್ನ ಮುಂದಿಟ್ಟರು.

ಸೊಲ್ಲಾಪುರದಲ್ಲಿ ಹಳೆಯ ಸಾಮಾನಿಗೆ ಮರಾಠಿಯಲ್ಲಿ ಭಂಗಾರ ಎನ್ನುತ್ತಾರೆ. ಕನ್ನಡದ ಬಂಗಾರಕ್ಕೂ ಮರಾಠಿಯ ಭಂಗಾರಕ್ಕೂ ನಡುವೆ ಒಂದೇ ಒಂದು ಮಹಾಪ್ರಾಣದ ಅಂತರ. ಆ ಅಂತರ ನನಗೆ ಉಚ್ಚಾರದಲ್ಲಿ ಚೆನ್ನಾಗಿ ಗೊತ್ತಿತ್ತು. ವ್ಯಾಪಾರದಲ್ಲಿ ಗೊತ್ತಿರಲಿಲ್ಲ!

ಭಂಗಾರದ ಅಂಗಡಿಯ ಚಾಚಾ ಎಲ್ಲೋ ಮುಚ್ಚಿಹೋದ ಕೆರೆದಂಡೆಯ ಹೋಟೆಲಿನಿಂದ ಎರಡು ಬೋಟು ತಂದು ಹಿತ್ತಲಲ್ಲಿ ಇಟ್ಟಿದ್ದರು. ಒಂದು ಕಪ್ಪಗೆ, ಬಣ್ಣ ಹೋಗಿ, ಮುದಿ ಎಮ್ಮೆಯಂತೆ ಮಲಗಿತ್ತು. ಇನ್ನೊಂದು! ಕುಂಕುಮದಂಥ ಕೆಂಪು, ನಡುವೆ ಬಿಳಿ ಪಟ್ಟಿ, ಐದು ಜನ ಕೂರುವಷ್ಟು ಗಾದಿ, ಮುಂದೊಂದು ಕನ್ನಡಿ.

"ಟೀಚರ್‌ಬಾಯಿ, ಖರೇ ಹೇಳ್ತೀನಿ," ಎಂದರು ಚಾಚಾ. "ಆ ಕರೇದು ತೊಗೋರಿ. ದಿಖಾಕ ಚಂದಿಲ್ಲ, ಖರೆ ಇಂಜಿನ್ ಏಕದಂ ಪಕ್ಕಾ ಅದ."

ನಾನು ಒಳಗೊಳಗೇ ನಕ್ಕೆ. ಇಪ್ಪತ್ತು ವರ್ಷ ಸೀರೆ ಕೊಂಡವಳಿಗೆ ಇದು ತಿಳಿಯುವುದಿಲ್ಲವೇ? ಅಂಗಡಿಯವನು ಯಾವುದನ್ನು ಹೊಗಳುತ್ತಾನೋ ಅದೇ ಖರ್ಚಾಗದೆ ಉಳಿದ ಮಾಲು! ನಾನು ಕೆಂಪು ಬೋಟಿನ ಹತ್ತಿರ ಹೋಗಿ ಗಡಿಗೆ ನೋಡುವಂತೆ ಬೆರಳಿನ ಗೆಣ್ಣಿನಿಂದ ಬಾರಿಸಿದೆ. ಟಣ್ ಎಂದಿತು. ಒಳ್ಳೆಯ ಬೋಟು ಟಣ್ ಎನ್ನಬೇಕೋ ಡಬ್ ಎನ್ನಬೇಕೋ ನನಗೆ ಗೊತ್ತಿರಲಿಲ್ಲ. ಆದರೆ ಬಹಳ ತಿಳಿದವರಂತೆ ತಲೆ ಆಡಿಸಿದೆ.

"ಕರೇದಽ ಇರ್ಲಿ ಅಂತೀನಿ ನಾ," ಎಂದರು ನಮ್ಮ ಮನೆಯವರು. ಅವರು ತಾವಾಗಿಯೇ ಅಭಿಪ್ರಾಯ ಹೇಳಿದ್ದು ಆ ವರ್ಷದಲ್ಲಿ ಅದೇ ಮೊದಲು. ಅದನ್ನೂ ನಾನು ಕೇಳಲಿಲ್ಲ.

ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಕೆಂಪು ಬೋಟು ನಮ್ಮ ಗಲ್ಲಿಗೆ ಬಂದಾಗ ಎಲ್ಲರೂ ಮಾತು ನಿಲ್ಲಿಸಿ ಹೊರಗೆ ಬಂದರು. ಎರಡು ಹೊತ್ತು ಚಹಾ ಬಿಟ್ಟರೆ ಬೇರೆ ಸುದ್ದಿಯಿಲ್ಲದ ಗಲ್ಲಿ ಅದು. ಮುದುಕರು ಅದರ ಮೈ ಸವರಿದರು. ಹೆಂಗಸರು ಮೂತಿಗೆ ಅರಿಷಿಣ ಕುಂಕುಮ ಹಚ್ಚಿದರು. ಎದುರು ಮನೆಯಾಕೆ, ಕುಲಕರ್ಣಿ ಕಾಕು, ಕೈಜೋಡಿಸಿಯೇ ಬಿಟ್ಟರು. ಆದರೆ ಟ್ರಾಲಿಯಿಂದ ಇಳಿಸಿದ ಮೇಲೆ ಬೋಟು ನಮ್ಮ ಅಂಗಳದೊಳಗೆ ತಿರುಗಲಿಲ್ಲ. ಕಾಕುವಿನ ಬಾಗಿಲಿಗೆ ಅಡ್ಡವಾಗಿ ಕುಳಿತುಬಿಟ್ಟಿತು.

"ಸುಮನ್, ಇನ್ನ ನಾ ಹೊರಗ ಹೆಂಗ ಬರ್ಲೆ?" ಎಂದರು ಕಾಕು, ಜೋಡಿಸಿದ ಕೈ ಬಿಟ್ಟು.

ಬೋಟಿನೊಳಗಿಂದ ಬಂದರು! ಅಂದಿನಿಂದ ಅವರ ಮನೆಗೆ ಹಾಲಿನವನು, ಪೇಪರಿನವನು, ನೆಂಟರು, ಎಲ್ಲರೂ ಒಂದು ಕಾಲು ಗಾದಿಯ ಮೇಲಿಟ್ಟು, ಕನ್ನಡಿಯಲ್ಲಿ ಮುಖ ನೋಡಿಕೊಂಡು, ಆಚೆ ಇಳಿದು ಹೋಗತೊಡಗಿದರು.

ಇಂಜಿನ್ ಶುರುವಾಗಲಿಲ್ಲ. ಚಾಚಾ ಸತ್ಯ ಹೇಳಿದ್ದರು ಎಂಬುದು ಅಂದು ತಿಳಿಯಿತು. ಭಂಡಾರಕವಠೆಯ ಸಿದ್ರಾಮ ಮಿಸ್ತ್ರಿಯನ್ನು ಕರೆಸಿದೆ. ಬಾವಿಯ ಮೋಟಾರು ದುರಸ್ತಿ ಮಾಡುವುದರಲ್ಲಿ ಅವನದು ಎತ್ತಿದ ಕೈ. ಮೂರು ದಿನ ಬಿಚ್ಚಿದ, ಮೂರು ದಿನ ಜೋಡಿಸಿದ.

"ಬಾಯಾರ, ಇದನ್ನ ಒಣಾ ಓಡಸಬಾರದು. ಇದರ ಪಂಖಾ ನೀರಾಗ ಇರ್ಬೇಕು. ಒಂದು ಡ್ರಮ್ಮಿನ ತುಂಬ ನೀರು ಕೊಡ್ರಿ."

ನಮ್ಮಲ್ಲಿ ನಳದ ನೀರು ಬರುವುದು ದಿನ ಬಿಟ್ಟು ದಿನ. ಅದೂ ಬೇಸಿಗೆ. ಆದರೂ ವಿಜ್ಞಾನಕ್ಕಾಗಿ ಡ್ರಮ್ಮು ಕೊಟ್ಟೆ. ಮಿಸ್ತ್ರಿ ದಾರ ಎಳೆದ. ಇಂಜಿನ್ ಒಂದು ಸಲ ಕೆಮ್ಮಿತು, ಎರಡು ಸಲ ಕೆಮ್ಮಿತು, ಆಮೇಲೆ ಹುಲಿಯಂತೆ ಗರ್ಜಿಸಿತು! ಗೋಡೆ ನಡುಗಿತು. ಡ್ರಮ್ಮಿನ ನೀರು ಕಾರಂಜಿಯಾಗಿ ಮಾಳಿಗೆಯ ಎತ್ತರಕ್ಕೆ ಎದ್ದಿತು. ಆಹಾ, ಎಂಥ ಶಕ್ತಿ! ನಾವೆಲ್ಲ ಬಾಯಿ ತೆರೆದು ಮೇಲೆ ನೋಡಿದೆವು.

ಮಾಳಿಗೆಯ ಮೇಲೆ ಕುಲಕರ್ಣಿ ಕಾಕುವಿನ ವರ್ಷದ ಹಪ್ಪಳ ಒಣಗುತ್ತಿದ್ದವು.

ಹಪ್ಪಳದ ಪ್ರಕರಣ ತಣ್ಣಗಾಗಲೆಂದು ಮರುದಿನವೇ ಬೋಟನ್ನು ಟ್ರಾಲಿಗೆ ಹೇರಿಸಿ ಅಕ್ಕಲಕೋಟದ ಆಚೆ, ಬೋರಿ ನದಿಯ ಕುರನೂರ ಧರಣಕ್ಕೆ, ಅಂದರೆ ಅಣೆಕಟ್ಟಿಗೆ, ಹೊರಟೆ. ಟೀಚರ್ಸ್ ರೂಮಿನಲ್ಲಿ ಎಲ್ಲರಿಗೂ ಹೇಳಿಯೇ ಹೊರಟಿದ್ದೆ. ದಂಡೆಗೆ ಹೋಗಿ ಟ್ರ್ಯಾಕ್ಟರ್ ನಿಂತಿತು. ಡ್ರೈವರ್ ಇಳಿದು, ಹುಬ್ಬಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದ.

"ಬಾಯಾರ, ನೀರು ಎಲ್ಲದ್ರೀ?"

ಮೇ ತಿಂಗಳು! ನೀರು ದೂರದಲ್ಲಿ ಒಂದು ಗೆರೆಯಂತೆ ಹೊಳೆಯುತ್ತಿತ್ತು. ಅಲ್ಲಿಯವರೆಗೂ ಬಿರಿದ ಕರಿಮಣ್ಣು, ಅದರ ಮೇಲೆ ಕಲ್ಲಂಗಡಿ ಬಳ್ಳಿ. ಮಳೆ, ಬೇಸಿಗೆ, ಜಲಾಶಯ ಎಂಬ ಪಾಠವನ್ನು ನಾನು ಪ್ರತಿ ವರ್ಷ ಏಳನೆಯ ಇಯತ್ತೆಗೆ ಕಲಿಸುತ್ತಿದ್ದೆ. ಹತ್ತು ಮಾರ್ಕಿನ ಪ್ರಶ್ನೆ ಬರುತ್ತಿತ್ತು.

ಬರಿಗೈಯಲ್ಲಿ ಮರಳುವುದು ಬೇಡವೆಂದು ಬೋಟಿನಲ್ಲಿ ಎಂಟು ಕಲ್ಲಂಗಡಿ ತಂದೆವು. ಗಲ್ಲಿಯವರು ತಿಂದು, ಬಹಳ ಸಿಹಿಯಾಗಿವೆ, ಬೋಟು ಒಳ್ಳೆಯ ಉಪಯೋಗಕ್ಕೆ ಬಂತು ಎಂದರು.

ಮಳೆಗಾಲದಲ್ಲಿ ಬೋಟು ಗಲ್ಲಿಯಲ್ಲೇ ನಿಂತಿತು. ಅದರ ಹಿಂಭಾಗದಲ್ಲಿ ತಳಕ್ಕೆ ಹತ್ತಿ ಒಂದು ತೂತು ಇತ್ತು. ಮಳೆನೀರು ಅದರಿಂದ ಹರಿದುಹೋಗುತ್ತಿತ್ತು. "ನೋಡ್ರಿ, ಎಷ್ಟು ವಿಚಾರ ಮಾಡಿ ಮಾಡ್ಯಾರ!" ಎಂದು ನಾನು ಎಲ್ಲರಿಗೂ ತೋರಿಸುತ್ತಿದ್ದೆ. ಆ ತೂತಿಗೆಂದು ಚಾಚಾ ಒಂದು ಬಿರಡೆ ಕೊಟ್ಟಿದ್ದರು. ಅತ್ತೆ ಅದನ್ನು ಎಣ್ಣೆಯ ಡಬ್ಬಿಯ ಬಾಯಿಗೆ ಹಾಕಿದ್ದರು. ಅಚ್ಚುಕಟ್ಟಾಗಿ ಕೂತಿತ್ತು. ನಾನೂ ಮೆಚ್ಚಿದ್ದೆ.

ದೀಪಾವಳಿ ಮುಗಿದ ಮೇಲಿನ ಭಾನುವಾರ, ಧರಣ ತುಂಬಿದೆ ಎಂದು ಖಾತ್ರಿ ಮಾಡಿಕೊಂಡು, ಸಿದ್ರಾಮ ಮಿಸ್ತ್ರಿಯನ್ನೂ ಕರೆದುಕೊಂಡು ಮನೆಮಂದಿಯೆಲ್ಲ ಮತ್ತೆ ಹೊರಟೆವು. ಬಡಿಗೇರನು ಪ್ಲೈವುಡ್ಡಿನ ಹಲಗೆ ಮಾಡಿಕೊಟ್ಟಿದ್ದ. ಕಾಲು ಜಾರದಂತೆ ಅದಕ್ಕೆ ನಮ್ಮ ಮನೆಯವರ ಕೊಲ್ಲಾಪುರಿ ಚಪ್ಪಲಿ ಜಡಿಸಿದ್ದೆ. ಬಾವಿಯ ಹಗ್ಗ, ಅದರ ತುದಿಗೆ ಹಿಡಿಯಲು ಲಟ್ಟಣಿಗೆ. ಎಲ್ಲರ ಕೊರಳಿಗೂ ಗಾಳಿ ತುಂಬಿದ ಟ್ಯೂಬು. ಅತ್ತೆಯ ಮಡಿಲಲ್ಲಿ ಬುತ್ತಿ: ಕಡಕ್ ಭಕ್ಕರಿ, ಶೇಂಗಾ ಹಿಂಡಿ, ಹಸಿ ಗಜ್ಜರಿ.

ಕುರನೂರದ ನೀರು ಆ ದಿನ ಹೇಗಿತ್ತೆಂದು ಹೇಳಲಿ! ಮೇ ತಿಂಗಳಲ್ಲಿ ಟ್ರ್ಯಾಕ್ಟರ್ ನಿಂತಿದ್ದ ಜಾಗ ಎರಡಾಳು ಆಳದಲ್ಲಿ ಮುಳುಗಿತ್ತು. ಕಣ್ಣು ಹೋದಷ್ಟು ದೂರ ನೀರು, ನೀರಿನೊಳಗೆ ಇನ್ನೊಂದು ಆಕಾಶ. ಬರಗಾಲದ ನೆಲದಲ್ಲಿ ಹುಟ್ಟಿದ ನಮಗೆ ಅಷ್ಟು ನೀರು ಒಟ್ಟಿಗೆ ಕಂಡರೆ ಮಾತು ತಾನಾಗಿಯೇ ಸಣ್ಣದಾಗುತ್ತದೆ. ಅತ್ತೆ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮಿಸ್ತ್ರಿ ದಾರ ಎಳೆದ. ಬೋಟು ಹೊರಟಿತು. ನೂರು ಮಾರು ಹೋಗಿರಲಿಲ್ಲ.

"ಸುಮನ್, ನನ್ನ ಕಾಲು ತೋಯಾಕತ್ತಾವ," ಎಂದರು ಅತ್ತೆ.

"ನೀರಿನ ಮ್ಯಾಲೆ ಬಂದ ಮ್ಯಾಲೆ ತೋಯ್ತಾವ್ರೀ ಅತ್ತಿ."

"ಮೊಣಕಾಲತನಕ?"

ತಿರುಗಿ ನೋಡಿದೆ. ತೂತಿನಿಂದ ಧರಣವೇ ಒಳಗೆ ಬರುತ್ತಿತ್ತು! ಮಳೆನೀರು ಹೊರಗೆ ಹೋಗುವ ದಾರಿ ನದಿಯ ನೀರಿಗೆ ಒಳಗೆ ಬರುವ ದಾರಿಯೂ ಹೌದು ಎಂದು ನನಗೆ ಹೊಳೆದೇ ಇರಲಿಲ್ಲ. ಸ್ವಾತಿ ಚೀರಿದಳು. ಮಿಸ್ತ್ರಿ ಮನೆದೇವರನ್ನು ಕರೆದ. ನಾನು ಎರಡೂ ಕೈಯಿಂದ ತೂತು ಮುಚ್ಚಿ "ಏನರೆ ಕೊಡ್ರೀ!" ಎಂದು ಕೂಗಿದೆ. ಅತ್ತೆ ಒಬ್ಬರೇ ಶಾಂತವಾಗಿದ್ದರು. ಬುತ್ತಿ ಬಿಚ್ಚಿ, ಗಜ್ಜರಿಗಳನ್ನು ಒಂದೊಂದಾಗಿ ತೂಗಿ ನೋಡಿ, ದಪ್ಪನೆಯದೊಂದನ್ನು ಆರಿಸಿ, ತೂತಿಗೆ ತುರುಕಿ, ಹಿಮ್ಮಡಿಯಿಂದ ಒದ್ದರು. ನೀರು ನಿಂತಿತು. ನಮ್ಮ ಮನೆಯಲ್ಲಿ ಸಾಮಾನು ಆರಿಸಲು ಬರುವವರು ಯಾರೆಂದು ಆಗ ಎಲ್ಲರಿಗೂ ಸ್ಪಷ್ಟವಾಯಿತು.

ನೀರು ಮೊಗೆದು ಚೆಲ್ಲಿ, ಮೊದಲ ಸರದಿ ನನ್ನದೆಂದೆ. ಹಲಗೆ ಕಟ್ಟಿಕೊಂಡು ಇಳಿದೆ. ಮಿಸ್ತ್ರಿ ಬೋಟು ಹೊಡೆದ. ಮೂರು ಸಲ ಹಗ್ಗ ಬಿಗಿಯಿತು, ಮೂರು ಸಲ ನಾನು ಮುಖ ಕೆಳಗಾಗಿ ಬೋರಿ ನದಿಯನ್ನು ಕುಡಿದೆ. ನಾಲ್ಕನೆಯ ಸಲ ಲಟ್ಟಣಿಗೆ ಒಂದೇ ಹೋಯಿತು, ನಾನು ಅಲ್ಲೇ ಉಳಿದೆ.

ಆಗ ನಮ್ಮ ಮನೆಯವರು ಎದ್ದರು. ಅಂಗಿ ಬಿಚ್ಚಿ ನಾಲ್ಕು ಮಡಿಕೆ ಮಾಡಿದರು. ಚಷ್ಮಾ ತೆಗೆದು ಸ್ವಾತಿಯ ಕೈಗೆ ಕೊಟ್ಟರು. ಕೊರಳಿನ ಟ್ಯೂಬು ತೆಗೆದಿಟ್ಟರು.

"ನಾ ನೋಡ್ತೀನಿ," ಎಂದು ಇಳಿದೇ ಬಿಟ್ಟರು.

ಹಲಗೆ ಅವರಿಗೆ ಬಿಚ್ಚಿ ಕೊಟ್ಟು ನಾನು ಬೋಟು ಹತ್ತಿದೆ. ಸ್ಟೇರಿಂಗ್ ಈಗ ನನ್ನ ಕೈಗೆ ಬಂತು. ಕೂದಲು ಬಿಚ್ಚಿ ಬಿಟ್ಟೆ. ಅದು ಗಾಳಿಗೆ ಹಾರಲಿಲ್ಲ, ಒದ್ದೆಯಾಗಿ ಮುಖಕ್ಕೆ ಅಂಟಿತು. ಇರಲಿ ಎಂದು ವೇಗ ಏರಿಸಿದೆ. ಹಗ್ಗ ಬಿಗಿಯಿತು. ಹಿಂತಿರುಗಿ ನೋಡಿದೆ.

ಅವರು ನಿಂತಿದ್ದರು.

ಕೋರ್ಟಿನಲ್ಲಿ ಬೆನ್ನು ಬಾಗಿಸಿ ಬರೆಯುವ ಮನುಷ್ಯ ನೆಟ್ಟಗೆ ನಿಂತಿದ್ದರು! ಎರಡು ಕಡೆಗೂ ನೀರು ರೆಕ್ಕೆಯಂತೆ ಏಳುತ್ತಿತ್ತು. ಬಿಸಿಲು ಆ ಹನಿಗಳಲ್ಲಿ ಒಡೆದು ಬಣ್ಣ ಬಣ್ಣವಾಗುತ್ತಿತ್ತು. ಅವರು ಮೊಣಕಾಲು ತುಸು ಬಾಗಿಸಿ ಅಲೆಯ ಈಚೆ ಬಂದರು, ಆಚೆ ಹೋದರು. ನಗುತ್ತಿದ್ದರು. ಹದಿನಾರು ವರ್ಷದ ಸಂಸಾರದಲ್ಲಿ ಆ ನಗೆಯನ್ನು ನಾನು ನೋಡಿರಲಿಲ್ಲ. ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. "ಬಾಬಾ!" ಎಂದು ತಂದೆಯನ್ನು ಕರೆದಳು ಸ್ವಾತಿ, ಅದೂ ಮೆಲ್ಲಗೆ. ಮಿಸ್ತ್ರಿ ಟೊಪ್ಪಿಗೆ ತೆಗೆದ. ನಾಲ್ವರೂ ಹಿಂದೆಯೇ ನೋಡುತ್ತಿದ್ದೆವು.

ಮುಂದೆ ಯಾರೂ ನೋಡುತ್ತಿರಲಿಲ್ಲ.

ಮೊದಲು ಆಪು ಹುಲ್ಲು ಸರ್ರೆಂದಿತು. ಆಮೇಲೆ ಕೆಸರು. ಆಮೇಲೆ ಬೋಟು ದಂಡೆ ಏರಿ, ಮೊಣಕಾಲುದ್ದ ಜೋಳದೊಳಗೆ ಹೋಗಿ, ನಿಟ್ಟುಸಿರುಬಿಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ತಿರುಗಿ ನೀರಿನ ಕಡೆ ನೋಡಿದರೆ ಹಲಗೆ ಒಂದೇ ತೇಲುತ್ತಿತ್ತು.

ಕೆಸರಿನಲ್ಲಿ ಬಿದ್ದು ಎದ್ದು, ಸೊಂಟದುದ್ದ ನೀರಿಗೆ ಓಡಿ, ಹೆಸರು ಹಿಡಿದು ಕರೆಯಬಾರದು ಎಂಬುದನ್ನೂ ಮರೆತು, "ಮಲ್ಲಿನಾಥ!" ಎಂದು ಒದರಿದೆ.

ಇಪ್ಪತ್ತು ಮಾರು ಈಚೆಗೆ ಒಂದು ತಲೆ ಎದ್ದಿತು. ಸಾವಕಾಶ, ಉದ್ದುದ್ದ ಕೈ ಹಾಕುತ್ತ ಈಜಿಕೊಂಡು ಬಂದರು.

"ಈಸು ಯಾವಾಗ ಕಲ್ತ್ರಿ?" ಎಂದೆ, ಅಳುತ್ತ.

"ಸಣ್ಣಾಂವ ಇದ್ದಾಗ. ತಡವಳದ ಬಾವ್ಯಾಗ."

"ನನಗ್ಯಾಕ ಹೇಳಿಲ್ಲ?"

"ನೀ ಕೇಳಿಲ್ಲ."

ಅಷ್ಟರಲ್ಲಿ ಹೊಲದ ಯಜಮಾನ, ಅವನ ಅಣ್ಣತಮ್ಮಂದಿರು, ಸುತ್ತಲಿನ ಹೊಲದವರು, ಒಂದು ಹದಿನೈದು ಜನ ಸೇರಿದರು. ಜೋಳದ ನಡುವೆ ಕುಂತ ಕೆಂಪು ಬೋಟನ್ನು ಎಲ್ಲರೂ ಸುತ್ತುಹಾಕಿ ನೋಡಿದರು. ಯಜಮಾನ ಸೊಂಟದ ಮೇಲೆ ಕೈಯಿಟ್ಟು ಕೇಳಿದ.

"ಯಾರ್ರೀ ಇದನ್ನ ಹೊಡದವ್ರು?"

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಮುಂದೆ ಬಂದರು. ಮೈಯಿಂದ ನೀರು ಸೋರುತ್ತಿತ್ತು. ಕೋರ್ಟಿನಲ್ಲಿ ಇಡೀ ಆಯುಷ್ಯ ಬೇರೆಯವರ ಸಾಕ್ಷಿ ಬರೆದುಕೊಂಡ ಮನುಷ್ಯ, ಎದೆ ಸೆಟೆಸಿ ಹೇಳಿದರು.

"ನಾನು."

ನನ್ನ ಕಣ್ಣು ತುಂಬಿ ಬಂತು. ಹದಿನೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನ ಬಹಳ ಮರ್ಯಾದೆಯಿಂದ ಕೈ ಮುಗಿದ.

"ಸಾಹೇಬ್ರ, ನೀವು ನೀರಿನ ಮ್ಯಾಲೆ ನಿಂತು ಬಂದದ್ದನ್ನ ನಾವೆಲ್ಲಾ ಕೆಲಸಾ ಬಿಟ್ಟು ನೋಡೀವ್ರೀ. ಜನ್ಮದಾಗ ಅಂಥಾದ್ದು ನೋಡಿಲ್ಲ. ನಿಮ್ಮನ್ನ ಕೇಳಿಲ್ಲ. ಮುಂದ ಕುಂತು ಹಿಂದ ನೋಡಾಕತ್ತಿದ್ರಲ್ಲ, ಅವರ್ಯಾರು?"

ನಾನು ಮೆಲ್ಲಗೆ ಕೈ ಎತ್ತಿದೆ.