ಹಲ್ಲಿನ ದವಾಖಾನೆಯಲ್ಲಿ ಖೀಮಾ

ಹಲ್ಲಿನ ದವಾಖಾನೆಗೆ ಯಾರೂ ನಗುತ್ತ ಬರುವುದಿಲ್ಲ, ದವಡೆ ಹಿಡಿದುಕೊಂಡೇ ಬರುತ್ತಾರೆ. ಆದರೂ ಬನಹಟ್ಟಿಯ ನನ್ನ ಎರಡು ಖೋಲಿಯ ದವಾಖಾನೆಯಲ್ಲಿ ವಾರಕ್ಕೊಮ್ಮೆಯಾದರೂ ನಾನು ಮಾಸ್ಕಿನೊಳಗೇ ನಕ್ಕು ಕಣ್ಣು ಒರೆಸಿಕೊಳ್ಳುವಂಥದ್ದು ನಡೆದೇ ನಡೆಯುತ್ತದೆ. ಅದರಲ್ಲಿ ಅರ್ಧಕ್ಕೆ ಕಾರಣ ಹಲ್ಲಲ್ಲ. ಹಿಂದಿನ ಖೋಲಿಯಲ್ಲಿ ಬೇಯುವ ಖೀಮಾ.

೧. ಸೀಟಿ ಇಲ್ಲದ ಗಾಡಿ

ನಮ್ಮ ಮಾವನವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಜಮಖಂಡಿ, ಮುಧೋಳ, ಬೀಳಗಿ ರಸ್ತೆಯ ತಗ್ಗುಗಳೆಲ್ಲ ಅವರಿಗೆ ಬಾಯಿಪಾಠ. ಅವರ ಹಲ್ಲುಗಳು ಅಲುಗಾಡತೊಡಗಿದಾಗ ನಾನೇ ಒಂದೊಂದಾಗಿ ಎಲ್ಲವನ್ನೂ ತೆಗೆದೆ. ಹೊಸ ಸೆಟ್ ಕೂಡಿಸಲು ಒಸಡು ಮಾಯಬೇಕು. ಅಲ್ಲಿಯವರೆಗೆ ಮೆತ್ತಗಿನ ಊಟ. ಮಟನ್ನಿಲ್ಲದ ರವಿವಾರವನ್ನೇ ಕಾಣದ ಮನುಷ್ಯ ಗಂಜಿ ನೋಡಿದರೆ ಮುಖ ತಿರುಗಿಸುತ್ತಿದ್ದರು. ಹದಿನೈದು ದಿನದಲ್ಲಿ ಅವರ ಅಂಗಿಯ ಕಾಲರು ಕೊರಳಿಗೆ ದೊಡ್ಡದಾಯಿತು. ನನಗೆ ಖರೆಯೇ ಹೆದರಿಕೆ ಹತ್ತಿತು.

"ಮಾವಾರ, ನಾಕು ತುತ್ತರೆ ಉಣ್ರಿ," ಅಂದೆ.

"ಯವ್ವಾ, ನನ್ನ ಹಲ್ಲು ತಗದಾಕಿ ನೀನ. ಮಟನ್ ತಿನ್ನಸಾಕಿನೂ ನೀನ ಆಗಬೇಕು," ಅಂದರು.

ನಮ್ಮ ಮದುವೆಗೆ ಯಾರೋ ಕೊಟ್ಟಿದ್ದ ಸ್ಲೋ ಕುಕ್ಕರ್ ಅಟ್ಟದ ಮೇಲೆ ಡಬ್ಬಿಯಲ್ಲೇ ಬಿದ್ದಿತ್ತು. ಕರೆಂಟಿನ ಮೇಲೆ ಆರು ತಾಸು ಸಣ್ಣಗೆ ಬೇಯಿಸುವ ಭಾಂಡಿ ಅದು. ಆದರೆ ನಮ್ಮ ಮನೆಯಲ್ಲಿ ಆರು ತಾಸು ಬಿಡದೆ ಕರೆಂಟು ಇದ್ದದ್ದನ್ನು ಕಂಡವರಿಲ್ಲ. ದವಾಖಾನೆಯಲ್ಲಾದರೆ ದೊಡ್ಡ ಇನ್ವರ್ಟರ್ ಇದೆ. ಹಾಗಾಗಿ ಭಾಂಡಿಯನ್ನು ಬನಹಟ್ಟಿಗೆ ಹೊತ್ತು ತಂದು ಹಿಂದಿನ ಖೋಲಿಯಲ್ಲಿಟ್ಟೆ. ಸಣ್ಣಗೆ ಕೊಚ್ಚಿದ ಮಟನ್ ಖೀಮಾ, ಉಳ್ಳಾಗಡ್ಡಿ, ಶುಂಠಿ, ಬಿಡಿ ಬಳ್ಳೊಳ್ಳಿ, ಹುರಿದ ಕೊಬ್ಬರಿ, ಮಸಾಲಿ ಖಾರ ಹಾಕಿ ಮುಂಜಾನೆ ಹತ್ತಕ್ಕೆ ಹಚ್ಚಿದೆ.

ಮಾವನವರು ಫೋನ್ ಮಾಡಿ, "ಎಷ್ಟ ಸೀಟಿ ಆದುವು?" ಅಂದರು.

"ಇದು ಸೀಟಿ ಹೊಡಿಯಂಗಿಲ್ರಿ ಮಾವಾರ."

"ಸೀಟಿ ಹೊಡೀಲಾರದ ಗಾಡಿ ಸ್ಟ್ಯಾಂಡ್ ಬಿಟ್ಟು ಅಲಗಾಡೂದಿಲ್ಲವ್ವಾ," ಅಂದವರೇ ಫೋನ್ ಇಟ್ಟರು.

ಸಂಜೆ ಜೋಳದ ರೊಟ್ಟಿಯನ್ನು ಚೂರು ಮಾಡಿ, ಮೇಲೆ ಖೀಮಾ ಸುರಿದು ಕೊಟ್ಟೆ. ತಾಟು ಖಾಲಿ ಮಾಡಿದರು. ಎರಡನೆಯ ಸಲ ತಾಟು ಮುಂದೆ ಚಾಚಿದರು. ಕೊನೆಗೆ ಬೆರಳು ನೆಕ್ಕಿ ನನ್ನ ಕಡೆ ನೋಡಿ ಅಂದರು: "ಗಾಡಿ ಲೇಟ್ ಐತಿ, ಆದ್ರ ಮಂದೀನ ಊರು ಮುಟ್ಟಸ್ತೈತಿ."

೨. ಆರು ತಾಸಿನ ಆಡು

ಅಂದಿನಿಂದ ಪ್ರತಿ ಬುಧವಾರ ಖೀಮಾ ತಂದು ಭಾಂಡಿ ಹಚ್ಚುವುದು ರೂಢಿಯಾಯಿತು. ಬಜಾರದ ಮಟನ್ ಅಂಗಡಿಯವನಿಗೆ ನನ್ನ ಮೇಲೆ ಬಹಳ ಗೌರವ. ಒಂದು ದಿನ ಕೇಳಿದ, "ಡಾಕ್ಟರಬಾಯಾರ, ನನ್ನ ಮಾಲು ಹೆಂಗ ಬೇಯತೈತ್ರಿ? ಲಗೂನ?"

"ಆರು ತಾಸು ಬೇಕಪ್ಪ."

ಅವನ ಕೈಯಲ್ಲಿನ ಕತ್ತಿ ಹಾಗೇ ನಿಂತಿತು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು. ಅವರೆಲ್ಲ ನನ್ನನ್ನು ಬಿಟ್ಟು ಅವನನ್ನು ನೋಡತೊಡಗಿದರು. ಪಾಪ, ಅವನ ಮುಖ ಸಣ್ಣದಾಯಿತು.

"ಅಕ್ಕಾರ, ಸ್ವಲ್ಪ ಸಣ್ಣ ದನಿಲೆ ಹೇಳ್ರಿ," ಅಂದ. "ಆರು ತಾಸಿನ್ಯಾಗ ಈ ಆಡು ಜೀವಂತ ಇದ್ರ ಚಿಮ್ಮಡ ಊರಿಗೆ ನಡಕೋತ ಹೋಗಿ, ಮೇಯ್ದು, ತಿರಗಿ ಬರತಿತ್ತು!"

೩. ಸಿಸ್ಟರ್ ಮೂಗು

ನನ್ನ ಕೈಕೆಳಗೆ ಒಬ್ಬ ಸಿಸ್ಟರ್ ಇದ್ದಾರೆ. ರಬಕವಿಯವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಹಣೆಯ ತುಂಬ ವಿಭೂತಿ. ಹುಟ್ಟಿದಂದಿನಿಂದ ತತ್ತಿಯನ್ನೂ ಮುಟ್ಟಿದವರಲ್ಲ. ಭಾಂಡಿ ಬಂದ ದಿನವೇ ಕಟ್ಟುನಿಟ್ಟಾಗಿ ಹೇಳಿದರು: "ಮೇಡಮ್, ನಿಮ್ಮ ಮಾವಾರ ಸಲುವಾಗಿ ಸುಮ್ನ ಇರ್ತೇನಿ. ಆದ್ರ ನಾ ಅದನ್ನ ಮುಟ್ಟಂಗಿಲ್ಲ, ಮುಚ್ಚಳ ತಗಿಯಂಗಿಲ್ಲ, ಆ ಕಡಿ ನೋಡೂದೂ ಇಲ್ಲ."

"ಆತ್ರಿ ಸಿಸ್ಟರ್," ಅಂದೆ.

ಒಂದು ಮುಂಜಾನೆ ಒಬ್ಬ ನೇಕಾರರ ಬಾಯಲ್ಲಿ ಹತ್ತಿ ತುಂಬಿ, ಹುಳುಕು ಕೊರೆಯುತ್ತಿದ್ದೆ. ಸಿಸ್ಟರ್ ಮಗ್ಗುಲಲ್ಲಿ ನಿಂತು ಸಾಮಾನು ಕೊಡುತ್ತಿದ್ದರು. ಎರಡು ಸಲ ಮೂಗು ಏರಿಸಿದರು. ಆಮೇಲೆ ತಡೆಯಲಾಗದೆ ನನ್ನ ಕಿವಿಯ ಹತ್ತಿರ ಬಂದರು.

"ಮೇಡಮ್, ನಿಮ್ಮ ಭಾಂಡ್ಯಾಗ ಉಪ್ಪು ಬಿದ್ದಿಲ್ಲ."

"ತಿನ್ನಲಾರದವರಿಗೆ ನಿಮಗ ಹೆಂಗ ಗೊತ್ತಾತ್ರಿ?"

"ಉಪ್ಪು ಹಾಕಿದ ವಾಸನಿ ಬ್ಯಾರೆ, ಹಾಕಲಾರದ್ದು ಬ್ಯಾರೆ. ಶುಂಠೀನೂ ಕಡಿಮಿ ಆಗೇತಿ."

ನಾನು ನಂಬಲಿಲ್ಲ. ಯಂತ್ರ ನಿಲ್ಲಿಸಿ ನೇಕಾರರ ಬಾಯಿಯ ಹತ್ತಿ ತೆಗೆದು, "ನೋವು ಆಗಾಕತ್ತೈತೇನ್ರಿ?" ಎಂದು ಕೇಳಿದೆ. ಅವರು ನೋವಿನ ಮಾತು ಎತ್ತಲೇ ಇಲ್ಲ.

"ಶುಂಠಿ ಬರೋಬ್ಬರಿ ಐತ್ರಿ," ಅಂದರು, "ಆದ್ರ ಉಪ್ಪಿನ ಮಾತು ಖರೆ."

೪. ಊದಿನಕಡ್ಡಿ

ತೇರದಾಳದಿಂದ ಒಬ್ಬ ನಿವೃತ್ತ ಮಾಸ್ತರರು ಬರುತ್ತಾರೆ. ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆತನ. ಅವರು ಬರುವ ದಿನ ನಾನು ಭಾಂಡಿ ಹಚ್ಚುವುದಿಲ್ಲ. ಆದರೆ ಒಂದು ಸಲ ಅವರು ಹೇಳದೆ ಕೇಳದೆ ಬಂದುಬಿಟ್ಟರು. ಬಸ್ಸಿನಿಂದ ಇಳಿದು ಬರುವುದನ್ನು ಸಿಸ್ಟರ್ ಕಿಟಕಿಯಿಂದ ಕಂಡರು.

"ಮೇಡಮ್, ಮಾಸ್ತರರು!"

ನನ್ನ ಕೈಯಲ್ಲಿ ಗವಸು, ಕುರ್ಚಿಯಲ್ಲಿ ಪೇಷಂಟ್. ನಾನು ಎಂದೂ ಮರೆಯದ ಕೆಲಸ ಅಂದು ಸಿಸ್ಟರ್ ಮಾಡಿದರು. ಸೆರಗು ಕೈಗೆ ಸುತ್ತಿಕೊಂಡು, ಮುಖ ಆ ಕಡೆ ತಿರುಗಿಸಿ, ಕುದಿಯುವ ಭಾಂಡಿಯನ್ನು ಎತ್ತಿ ಹಿತ್ತಲಿಗೆ ಒಯ್ದಿಟ್ಟರು. "ಹಿರೀ ಮನುಷ್ಯಾರ ಮನಸು ಕೆಡಬಾರದು," ಅನ್ನುತ್ತಲೇ ಓಡಿ ಬಂದು, ವಾಸನೆ ಹೋಗಲೆಂದು ಇಡೀ ಕಟ್ಟು ಊದಿನಕಡ್ಡಿ ಹಚ್ಚಿದರು. ಸಾಲದೆಂದು ಕರ್ಪೂರವನ್ನೂ ಹಚ್ಚಿದರು. ಹೊಗೆಗೆ ಎಲ್ಲರಿಗೂ ಕಣ್ಣೀರು. ಕುರ್ಚಿಯ ಪೇಷಂಟ್ ಟವೆಲ್ಲಿನಿಂದ ಮೂಗು ಒರೆಸುತ್ತಿದ್ದರು.

ಮಾಸ್ತರರು ಬಾಗಿಲಲ್ಲೇ ನಿಂತರು. ಹೊಗೆ ನೋಡಿದರು, ನಮ್ಮ ಕೆಂಪು ಕಣ್ಣು ನೋಡಿದರು. ಚಪ್ಪಲಿ ಬಿಟ್ಟು ಕೈ ಮುಗಿದರು.

"ಯಾವಾಗ ಹೋದರ್ರಿ?" ಎಂದು ಮೆಲ್ಲಗೆ ಕೇಳಿದರು. "ಇರಲಿ ಬಿಡ್ರಿ, ನನ್ನ ಹಲ್ಲಿಗೇನ ಅವಸರ. ದಿನಕರ್ಮ ಮುಗಿಸ್ಕೊಂಡು ಹೇಳಿ ಕಳಸ್ರಿ."

೫. ಯಾರ ಹಲ್ಲು?

ಹಿಪ್ಪರಗಿಯಿಂದ ಬಂದ ಒಬ್ಬ ಅಜ್ಜಿಯ ದವಡೆಹಲ್ಲು ಕಿತ್ತೆ. ರಕ್ತ ನಿಲ್ಲುವ ಮೊದಲೇ ಅಜ್ಜಿ ಅಂಗೈ ಚಾಚಿದಳು. "ನನ್ನ ಹಲ್ಲು ನನಗ ಕೊಡು."

"ಯಾಕ ಅಜ್ಜಿ?"

"ಕಿತ್ತ ಹಲ್ಲೆಲ್ಲಾ ಹಿಂದ ಭಾಂಡ್ಯಾಗ ಕುದಸ್ತೀಯಂತ. ಕುದಿಸಿ ತೊಳದು ಮತ್ತೊಬ್ಬರಿಗೆ ಕೂಡಸ್ತೀಯಂತ. ಬಸ್ಸಿನ್ಯಾಗ ಮಂದಿ ಮಾತಾಡಾಕತ್ತಿದ್ರು."

ಹೀಗೆ ಬಿಟ್ಟರೆ ದವಾಖಾನೆ ಮುಚ್ಚಬೇಕಾಗುತ್ತದೆ ಅನ್ನಿಸಿತು. ಅಜ್ಜಿಯ ಕೈ ಹಿಡಿದು ಹಿಂದಿನ ಖೋಲಿಗೆ ಕರೆದೊಯ್ದು ಮುಚ್ಚಳ ತೆಗೆದೆ. ಅಜ್ಜಿ ಬಗ್ಗಿ ನೋಡಿದಳು. ಕೆಂಪು ರಸದ ಮೇಲೆ ಬಿಡಿ ಬಳ್ಳೊಳ್ಳಿ ಎಸಳುಗಳು ಬೆಳ್ಳಗೆ ತೇಲುತ್ತಿದ್ದವು.

"ಅಯ್ಯಯ್ಯ! ಎಷ್ಟ ಮಂದೀದು ಕಿತ್ತೀಯವ್ವಾ!" ಎಂದು ಕೂಗಿದಳು.

ಒಂದು ಎಸಳನ್ನು ಚಮಚದಿಂದ ಒತ್ತಿ ಹಿಚುಕಿ, ವಾಸನೆ ತೋರಿಸಿದ ಮೇಲೆ ಅಜ್ಜಿ ನಂಬಿದಳು. ಹೋಗುವಾಗ ಬಸ್ಸಿನ ಮಂದಿಗೆ ತಿಳಿಸಿ ಹೇಳುತ್ತೇನೆಂದೂ ಮಾತು ಕೊಟ್ಟಳು. ಆದರೆ ಸುದ್ದಿ ಅಷ್ಟರಲ್ಲೇ ಬೀಳಗಿಯವರೆಗೆ ಮುಟ್ಟಿತ್ತು. ಮರುವಾರ ಹಲ್ಲಿನ ಸೆಟ್ ಮಾಡಿಸಲು ಬಂದ ಒಬ್ಬ ಗೌಡರು ಬಾಗಿಲು ಮುಚ್ಚಿಕೊಂಡು, ಸಣ್ಣ ದನಿಯಲ್ಲಿ ಹೇಳಿದರು: "ಮೇಡಮ್, ಯಾರ ಹಲ್ಲರೆ ಇರಲಿ, ಸಸ್ಯಾಹಾರಿ ಮಂದೀದು ನೋಡಿ ಹಾಕ್ರಿ. ನಮ್ಮ ಮನ್ಯಾಗ ಶ್ರಾವಣ ಭಾಳ ಕಡಕ್."

೬. ಪೈಲವಾನ

ಮುಧೋಳದ ಒಬ್ಬ ಪೈಲವಾನರು. ಬಾಗಿಲಲ್ಲಿ ಓರೆಯಾಗಿಯೇ ಒಳಗೆ ಬರಬೇಕು, ಅಂಥ ಮೈ. ಹುಳುಕು ಹಲ್ಲಿನಿಂದ ಗಲ್ಲ ಬಾತು ನಾಲ್ಕು ದಿನದಿಂದ ಊಟವಿಲ್ಲ. ಕೀವು ಒಳಗೆ ಇಳಿದರೆ ಅಪಾಯ. ಆದರೆ ಸೂಜಿ ಕಂಡೊಡನೆ ಎರಡು ಸಲ ಓಡಿಹೋಗಿದ್ದರು. ಮೂರನೆಯ ಸಲ ಹೆಂಡತಿಯೇ ಹಿಡಿದು ತಂದಳು. ಆಕೆ ನಮ್ಮ ಸಿಸ್ಟರಿಗಿಂತಲೂ ಸಣ್ಣ ಆಳು.

"ಕುಸ್ತ್ಯಾಗ ಯಾರಿಗೂ ಅಂಜಿಲ್ರಿ," ಅಂದಳು. "ಇಂಜೆಕ್ಷನ್ ಅಂದ್ರ ನನ್ನ ಹಿಂದ ಅಡಗ್ತಾರ."

ಕುರ್ಚಿಯಲ್ಲಿ ಕೂಡಿಸಿದೆವು. ಬಾಯಿ ಬಿಗಿ ಹಿಡಿದರು. ನಾನು ಬೇಡಿಕೊಂಡೆ, ಹೆಂಡತಿ ಬೈದಳು. ತುಟಿ ಬಿಚ್ಚಲಿಲ್ಲ. ಅಷ್ಟರಲ್ಲಿ ಹಿಂದಿನ ಖೋಲಿಯಿಂದ ಗಾಳಿ ಬೀಸಿತು. ಪೈಲವಾನರ ಮೂಗು ಅರಳಿತು.

"ಇದೇನ್ರಿ ವಾಸನಿ?" ಎಂದು ಹಲ್ಲು ಕಚ್ಚಿಯೇ ಕೇಳಿದರು.

"ಖೀಮಾ. ಹಲ್ಲು ಇಲ್ಲದವರೂ ತಿನ್ನೂವಂಥಾದ್ದು," ಅಂದೆ.

ಸಿಸ್ಟರ್ ಹೋಗಿ ಭಾಂಡಿ ತಂದರು. ಪೈಲವಾನರ ಎದುರಿಗೆ ಎತ್ತಿ ಹಿಡಿದು ಮುಚ್ಚಳ ತೆಗೆದರು. ಹಬೆ ಎದ್ದಿತು. ನಾಲ್ಕು ದಿನ ಉಪವಾಸದ ಮನುಷ್ಯ, ಬಾಯಿ ತಾನಾಗಿ ತೆರೆದುಕೊಂಡಿತು. "ಈಗ ಇಂಜೆಕ್ಷನ್ ಮಾಡ್ತೇನ್ರಿ," ಅಂದೆ. ಭಾಂಡಿಯ ಮೇಲಿನ ಕಣ್ಣು ತೆಗೆಯದೆ "ಹೂಂ" ಅಂದರು. ಇಂಜೆಕ್ಷನ್ ಆಯಿತು, ಜೋಮು ಹಿಡಿಯಿತು, ಹಲ್ಲು ಬಂತು. ಪೈಲವಾನರು ಕಣ್ಣೂ ಮಿಟುಕಿಸಲಿಲ್ಲ. ಡಬ್ಬಿ ತುಂಬ ಖೀಮಾ ಹಾಕಿ, ಜೋಮು ಪೂರ್ತಿ ಇಳಿದ ಮೇಲೆ ಆರಿಸಿ ತಿನ್ನಿಸಲು ಹೇಳಿ ಹೆಂಡತಿಯ ಕೈಗೆ ಕೊಟ್ಟೆ. ಮರುದಿನ ಆಕೆ ಫೋನ್ ಮಾಡಿದಳು. "ಬಾವು ಇಳದೈತ್ರಿ. ರಾತ್ರಿ ನಿದ್ದಿ ಮಾಡಿದ್ರು," ಅಂದವಳ ದನಿಯಲ್ಲಿ ಅಳುವೂ ನಗುವೂ ಇತ್ತು.

ಐದು ದಿನಕ್ಕೆ ಪೈಲವಾನರು ಒಬ್ಬರೇ ಬಂದರು. ಯಾರೂ ಹೇಳದೆ ಕುರ್ಚಿ ಏರಿ ಬಾಯಿ ಅಗಲಿಸಿದರು.

"ಈ ಕಡೇದೂ ನೋಯಾಕತ್ತೈತ್ರಿ ಮೇಡಮ್."

ಕನ್ನಡಿ ಇಟ್ಟು ನೋಡಿದೆ, ತಟ್ಟಿ ನೋಡಿದೆ. ಕಬ್ಬು ಸಿಗಿಯುವಂಥ ಗಟ್ಟಿ ಹಲ್ಲು.

"ಇದು ಛಲೋ ಐತಲ್ರಿ, ಪೈಲವಾನರ?"

ಅವರು ನೆಲ ನೋಡಿದರು, ಆಮೇಲೆ ಹಿಂದಿನ ಖೋಲಿಯ ಕಡೆ ನೋಡಿದರು. ಅಷ್ಟು ದೊಡ್ಡ ಮನುಷ್ಯ ಸಾಲಿ ಹುಡುಗನ ಹಾಗೆ ನಾಚಿದರು.

ಸಿಸ್ಟರ್ ಅಪಾಯಿಂಟ್ಮೆಂಟ್ ವಹಿ ತೆರೆದು ಪೆನ್ನು ಹಿಡಿದರು. "ಇವತ್ತ ಸೋಮವಾರ, ಪೈಲವಾನರ," ಅಂದರು. "ಬುಧವಾರ ನೋಯಿಸ್ಕೊಂಡು ಬರ್ರಿ."