ಐದನೆಯ ಸುತ್ತಿನ ಚೀಟಿ

ನೆಲೋಗಿಗೆ ಮಾಸ್ತರನಾಗಿ ಬಂದು ಎಂಟು ತಿಂಗಳಾಗಿತ್ತು. ಊರಲ್ಲಿ ಎಲ್ಲರೂ ನಮಸ್ಕಾರ ಮಾಡುತ್ತಿದ್ದರು. ಊಟಕ್ಕೆ ಮಾತ್ರ ಯಾರೂ ಕರೆದಿರಲಿಲ್ಲ. ಗೋಡೆ ನೋಡುತ್ತ ಒಬ್ಬನೇ ಉಂಡು ಉಂಡು ಬೇಸತ್ತಿದ್ದೆ. ಯಾರದಾದರೂ ಮನೆಯ ಗದ್ದಲದ ನಡುವೆ ಕೂತು ಒಂದು ಹೊತ್ತು ಉಣ್ಣಬೇಕೆಂಬ ಆಸೆ. ಬಾಯಿಬಿಟ್ಟು ಕೇಳಲು ನಾಚಿಕೆ. ಹಾಗಾಗಿ ಒಂದು ಉಪಾಯ ಹೂಡಿದೆ.

ಜೇವರ್ಗಿಯಿಂದ ದಿನಾ ಬಸ್ಸಿಗೆ ಬಂದುಹೋಗುವ ನಮ್ಮ ಶಾಲೆಯ ನಾಲ್ವರು ಮಾಸ್ತರರನ್ನು ಒಂದು ಸಂಜೆ ನನ್ನ ಖೋಲಿಗೆ ಚಹಾಕ್ಕೆ ಕರೆದು ಪಾರ್ಸಲ್ ಆಟ ಏರ್ಪಡಿಸಿದೆ. ಪೊಟ್ಟಣಕ್ಕೆ ಹಳೆಯ ಪೇಪರಿನ ಐದು ಸುತ್ತು, ಸುತ್ತಿಗೊಂದು ಚೀಟಿ. ನಾನು ಊಟದ ತಾಟು ಬಾರಿಸುವುದು. ನಿಲ್ಲಿಸಿದಾಗ ಪೊಟ್ಟಣ ಯಾರ ಕೈಯಲ್ಲಿದೆಯೋ ಅವರು ಒಂದು ಸುತ್ತು ಬಿಚ್ಚಿ, ಚೀಟಿ ಹೇಳಿದಂತೆ ಮಾಡುವುದು. ಮೊದಲ ನಾಲ್ಕರಲ್ಲಿ ಹಾಡು, ಕುಣಿತ ಇತ್ಯಾದಿ. ಐದನೆಯದರಲ್ಲಿ ಮಾತ್ರ ಹೀಗೆ ಬರೆದಿದ್ದೆ: 'ಈ ಚೀಟಿ ಪಡೆದವರು ಬರುವ ಭಾನುವಾರ ಎಲ್ಲರನ್ನೂ ತಮ್ಮ ಮನೆಗೆ ಊಟಕ್ಕೆ ಕರೆಯತಕ್ಕದ್ದು.'

ಅದು ಆ ನಾಲ್ವರಲ್ಲಿ ಶಿವಶರಣಪ್ಪನಿಗೇ ಸಿಗಬೇಕಿತ್ತು. ಅವನ ಮನೆಯ ಶೇಂಗಾ ಹೋಳಿಗೆಯನ್ನು ಅವನ ಡಬ್ಬಿಯಲ್ಲಿ ಒಮ್ಮೆ ರುಚಿ ನೋಡಿದ್ದೆ. ಪಕ್ಷಪಾತ ಆಗಬಾರದೆಂದು ನಾನು ಗೋಡೆಗೆ ಮುಖ ಮಾಡಿ ಕೂತೆ. ಆ ಗೋಡೆಯ ಮೇಲೆ ನನ್ನ ದಾಡಿ ಮಾಡುವ ಕನ್ನಡಿ ಇತ್ತು ಎಂಬುದು ಬೇರೆ ವಿಷಯ!

ನಾಲ್ಕು ಸುತ್ತು ಸಾಂಗವಾಗಿ ನಡೆದವು. ಐದನೆಯದಕ್ಕೆ ಖಾಜಾಸಾಬ್ ಮಾಸ್ತರರು ಕನ್ನಡಿ ಕಂಡರು.

"ಮಾಸ್ತರ್ರ, ಕನ್ನಡಿಯೊಳಗ ಯಾರ್ನ ನೋಡಾಕತ್ತೀರಿ?"

"ತಲಿ ಕೆದರೇದೇನು ಅಂತ ನೋಡಾಕತ್ತೇನ್ರಿ."

"ಕೆದರಾಕ ಕೂದಲ ಎಲ್ಲಿ ಅದಾವ್ರಿ? ಇವರ ಕಣ್ಣಿಗೆ ಟಾವೆಲ್ ಕಟ್ರಿ."

ಕಟ್ಟಿಬಿಟ್ಟರು. ಪೊಟ್ಟಣ ಕೈಗೆ ಬಂದೊಡನೆ ಶಿವಶರಣಪ್ಪ ನಗುತ್ತಿದ್ದ; ಆ ನಗು ಕೇಳಿದ ಕೂಡಲೇ ನಿಲ್ಲಿಸಿದರಾಯಿತೆಂದು ಬಾರಿಸತೊಡಗಿದೆ. ಹಿಂದೆ ಒಮ್ಮೆಲೇ ಓಡಾಟ, ಕೂಗಾಟ. ಆಟ ರಂಗೇರಿತೆಂದು ಹಿಗ್ಗಿ ಇನ್ನೂ ಜೋರಾಗಿ ಬಾರಿಸಿದೆ. ನಗು ಮಾತ್ರ ಕೇಳಲೇ ಇಲ್ಲ. ಕೈ ಸೋತರೂ ಬಿಡಲಿಲ್ಲ.

"ಮಾಸ್ತರ್ರ, ಹಿಂಗ ತಾಟ ಬಡ್ಯಾಕ ಗ್ರಹಣ ಹಿಡದದೇನ್ರಿ?"

ಪಕ್ಕದ ಮನೆಯ ಹುಸೇನಬಿ ಅಮ್ಮನ ದನಿ. ತಾಟು ನಿಲ್ಲಿಸಿ ಟಾವೆಲ್ ಸರಿಸಿದೆ. ಖೋಲಿಯಲ್ಲಿ ಚಹಾದ ಖಾಲಿ ಕಪ್ಪು-ಬಸಿಗಳು ಮಾತ್ರ ಇದ್ದವು.

"ಎಲ್ಲಾರೂ ಎಲ್ಲಿ ಹೋದ್ರು ಅಮ್ಮಾ?"

"ಬಸ್ ಇವತ್ತ ಲಗೂನ ಬಂತು. 'ಬರ್ತೇವ್ರಿ' ಅಂತ ಒದರಿ ಒದರಿ ಓಡ್ಯಾರ. ನಿಮ್ಮ ತಾಟಿನ ಸಪ್ಪಳದಾಗ ಬಸ್ಸಿನ ಹಾರ್ನ್ ಸುದ್ದಾ ಕೇಳಸ್ಲಿಲ್ಲ ನೋಡ್ರಿ."

ಓಡುವ ಅವಸರದಲ್ಲಿ ಯಾರೋ ಎಸೆದ ಪೊಟ್ಟಣ ನನ್ನ ತೊಡೆಗೆ ತಾಗಿ ಬಿದ್ದಿತ್ತು. ತಾಟು ನಿಂತಿದೆ, ಪೊಟ್ಟಣ ನನ್ನಲ್ಲಿದೆ. ನಿಯಮ ನಿಯಮವೇ! ಬಿಚ್ಚಿದೆ. ಆಜ್ಞೆ ನನ್ನದೇ ದುಂಡು ಅಕ್ಷರದಲ್ಲಿತ್ತು.

ಮರುದಿನ ನಾಲ್ವರನ್ನೂ ಊಟಕ್ಕೆ ಕರೆದೆ. ಬರುತ್ತೇವೆ ಎಂದರು. ಹುಸೇನಬಿ ಅಮ್ಮನಿಂದ ನಾಲ್ಕು ತಾಟು ಕೇಳಿ ತಂದೆ. ಭಾನುವಾರ ಅವನ್ನು ಸಾಲಾಗಿ ಇಟ್ಟು, ಬಾರಿಸಿ ತಗ್ಗು ಬಿದ್ದ ನನ್ನ ತಾಟನ್ನು ಕೊನೆಗಿಟ್ಟು ಕಾದೆ. ಜೇವರ್ಗಿಯಿಂದ ಎರಡು ಬಸ್ ಬಂದು ಹೋದವು. ಅವುಗಳ ಹಾರ್ನ್ ಅಂದು ಬಲು ಚೆನ್ನಾಗಿ ಕೇಳಿಸಿತು. ಮನಸ್ಸಿಗೆ ಬಹಳ ಕೆಡುಕೆನಿಸಿತು. ತಗ್ಗಿನ ತಾಟಿನಲ್ಲಿ ಒಬ್ಬನೇ ಉಂಡೆ.

ಸಂಜೆ ಉಳಿದ ನಾಲ್ಕನ್ನು ಮರಳಿಸಲು ಹೋದೆ. ಹುಸೇನಬಿ ಅಮ್ಮ ಒಂದೊಂದನ್ನೂ ತಿರುವಿ ನೋಡಿ ಹೇಳಿದರು:

"ಭಾಳ ಸ್ವಚ್ಛ ತೊಳದೀರಿ ನೋಡ್ರಿ ಮಾಸ್ತರ್ರ."

ಎಂಟು ತಿಂಗಳಲ್ಲಿ ಸಿಕ್ಕ ಮೊದಲ ಹೊಗಳಿಕೆ. ಬೇಡವೆನ್ನಲು ಮನಸ್ಸಾಗದೆ, ಕೈಮುಗಿದು ಒಪ್ಪಿಕೊಂಡೆ.