ಹುಳುಮನೆ ಪಕ್ಕದಲ್ಲಿ ಪ್ರೇಮಕಥೆ

ಟಿವಿಯವರು ಕ್ಯಾಮೆರಾ ಹೊತ್ತು ನಮ್ಮ ಅಕ್ಕೂರಿಗೆ ಬಂದರೆಂದರೆ ನನ್ನ ಪಿತ್ತ ನೆತ್ತಿಗೇರುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ಹೋದ ಸಲ ಬಂದವರದು ಟಿವಿಗೆಂದೇ ತೆಗೆಯುವ ಪ್ರೇಮಕಥೆ. ಅದರ ನಾಯಕ, ನಾಯಕಿ ನಿಜಕ್ಕೂ ಗಂಡ ಹೆಂಡತಿ. ನನ್ನನ್ನು ಒಂದು ಮಾತೂ ಕೇಳದೆ ನಮ್ಮ ಯಜಮಾನರು ಮನೆ ಬಿಟ್ಟುಕೊಟ್ಟಿದ್ದರು. ಪಕ್ಕದ ಹುಳುಮನೆಯಲ್ಲಿ ರೇಷ್ಮೆಹುಳ ಪೊರೆ ಬಿಡುವ ಕಡೇ ಜ್ವರ ಕಳೆದು ಸೊಪ್ಪು ಮೇಯುತ್ತಿದ್ದವು. ಒಂದು ವಾರ ಕಾಪಾಡಿದರೆ ಗೂಡು. ಹೊಗೆಯೋ ಸೆಂಟೋ ತಾಗಿದರೆ ಎಲ್ಲ ತಿಪ್ಪೆಗೆ.

೧. ಮಂಜು

ಮೊದಲ ದಿನವೇ ಅಂಗಳಕ್ಕೆ ಹೊಗೆ ಬಿಡುವ ಮೆಷಿನ್ನು ತಂದಿಟ್ಟರು.

"ಲವ್ ಸೀನ್ ಆಂಟಿ, ಸ್ವಲ್ಪ ಮಂಜು ಬೇಕು" ಎಂದ ಡೈರೆಕ್ಟರು.

"ನಿಮ್ ಪ್ರೀತಿಗೆ ನನ್ ಹುಳ ಯಾಕಪ್ಪಾ ಸಾಯ್ಬೇಕು?" ಎಂದು ವೈರು ಕಿತ್ತೆ.

"ನಿಮ್ಮ ಯಜಮಾನರು ಒಪ್ಪಿದ್ದಾರಲ್ಲ."

"ಹಂಗಾರೆ ಅವ್ರ ಮೂತಿಗೇ ಬುಡಿ. ಅವ್ರಿಗೇನೂ ಆಗಕ್ಕಿಲ್ಲ."

೨. ಒಂದು ಲೋಟ ನೀರು

ಮಾರನೇ ದಿನ ನಾಯಕಿಗೆ ಹುಳ ನೋಡುವ ಆಸೆ. ಮೈತುಂಬ ಸೆಂಟು. ಸಿಟ್ಟಿನಲ್ಲೇ ಕೈಕಾಲು ತೊಳೆಸಿ, ನನ್ನ ಹಳೇ ಸೀರೆ ಉಡಿಸಿ ಒಳಗೆ ಬಿಟ್ಟೆ. ಅವಳು ಅದೇ ಸೀರೆಯಲ್ಲಿ ಹೊರಗೆ ಬಂದಾಗ ನಾಯಕ ಮೊಬೈಲಿನಿಂದ ಅರ್ಧ ಕಣ್ಣೆತ್ತಿ, ಸೀರೆಯಷ್ಟೇ ಕಂಡು, "ಅಮ್ಮಾ, ಒಂದು ಲೋಟ ನೀರು ಕೊಡಿ" ಎಂದ.

"ಏಳು ವರ್ಷದಿಂದ ಕೊಡ್ತಾನೇ ಇದ್ದೀನಿ. ಮುಖ ನೋಡಿದ್ರೆ ತಾನೇ ಗೊತ್ತಾಗೋದು" ಎಂದಳು ಹೆಂಡತಿ.

ಆಮೇಲೆ ಡೈಲಾಗು ಬಿಟ್ಟರೆ ಅವರಿಬ್ಬರ ನಡುವೆ ಮಾತಿಲ್ಲ. ಪ್ರೇಮಕಥೆಯಲ್ಲಿ ಪ್ರೇಮವೇ ಇಲ್ಲದಂತಾಯಿತು.

೩. ನನ್ನ ಬಾಯಿ

ಮೂರನೇ ದಿನ ಎಣಿಸಿದ್ದಕ್ಕಿಂತ ಮೊದಲೇ ಹುಳ ಮೇವು ಬಿಟ್ಟು ಹಣ್ಣಾದವು. ತಕ್ಷಣ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಬೆಳೆ ಕೈಬಿಟ್ಟಂತೆ. ನಮ್ಮ ಯಜಮಾನರೋ, ಸಣ್ಣ ಪಾರ್ಟು ಸಿಕ್ಕಿದೆಯೆಂದು ಮುಖಕ್ಕೆ ಪೌಡರು ಮೆತ್ತಿಸಿಕೊಳ್ಳುತ್ತಿದ್ದರು.

"ಹುಳ ತಲೆ ಎತ್ಕಂಡ್ ಓಡಾಡ್ತಾವೆ, ನೀವಿಲ್ಲಿ ಮದ್ವೆ ಗಂಡಾಗಿದ್ದೀರಾ? ಒಂದ್ ಹುಳ ಹಾಳಾಗ್ಲಿ, ನಿಮ್ಮನ್ನೇ ಚಂದ್ರಿಕೆಗೆ ಬುಡ್ತೀನಿ" ಎಂದು ಕಿರುಚಿದೆ.

ಅವರು ಮುಖ ತೊಳೆದು ಬಂದು ಚಂದ್ರಿಕೆ ಹಿಡಿದರು. ಡೈರೆಕ್ಟರು ಪುಸ್ತಕದಲ್ಲಿ ಏನೋ ಗೀಚಿಕೊಂಡ. ಬೆಳೆಯಂತೂ ಉಳಿಯಿತು.

ಮುಂದೆ ಒಂದು ಭಾನುವಾರ ಮಧ್ಯಾಹ್ನ ಅದು ಟಿವಿಯಲ್ಲಿ ಬಂತು. ನೋಡಲು ಬೀದಿಯೆಲ್ಲ ನಮ್ಮ ಪಡಸಾಲೆಯಲ್ಲಿತ್ತು. ಪರದೆಯ ಮೇಲೆ ನಾಯಕಿ ನನ್ನದರಂಥದೇ ಸೀರೆಯುಟ್ಟು, "ನಿಮ್ಮನ್ನೇ ಚಂದ್ರಿಕೆಗೆ ಬುಡ್ತೀನಿ" ಎಂದು ಗಂಡನ ಮೇಲೆ ಎಗರಿದಳು. ಹಿಂದೆ ಪಿಟೀಲು. ಗಂಡ ಕಣ್ಣು ತುಂಬಿಕೊಂಡು ಅವಳನ್ನು ತಬ್ಬಿಕೊಂಡ. ಪಕ್ಕದ ಮನೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ಮನೆಯನ್ನೂ ಕೇಳದೆ ತಗೊಂಡರು, ಬಾಯಿಮಾತನ್ನೂ ಕೇಳದೆ ತಗೊಂಡರು. ಎದ್ದು ಟಿವಿ ಆರಿಸಲು ಹೊರಟರೆ ನಮ್ಮ ಯಜಮಾನರು ಕೈ ಹಿಡಿದು ಕೂರಿಸಿ, ಮೆಲ್ಲಗೆ ಹೇಳಿದರು:

"ತಡಿಯಮ್ಮಿ, ಅದು ಪ್ರೀತಿಯಂತೆ. ಮೂವತ್ ವರ್ಸದಿಂದ ನಾನು ಬೈಗುಳ ಅಂತ್ಲೇ ಅನ್ಕಂಡಿದ್ದೆ."